ಫಿಲ್ಟರ್ ಮನೆಯ ಅಕ್ಷರಗಳು

ನಾನು ಬೆಳೆದ ಮನೆಗೆ ಎದುರು ಬಾಗಿಲು ಇರಲಿಲ್ಲ. ಎದುರಿಗೆ ಇದ್ದದ್ದು ಇಪ್ಪತ್ತು ಅಡಿ ಎತ್ತರದ ಒಂದು ಕಾಫಿ ಫಿಲ್ಟರ್. ಇಟ್ಟಿಗೆ ಗಾರೆಯಲ್ಲಿ ಕಟ್ಟಿ ಬೆಳ್ಳಿ ಬಣ್ಣ ಬಳಿದದ್ದು. ಮದರಾಸಿನ ಹೊರಗೆ, ಮಾಧವರಂ ದಾಟಿ ಪುಳಲ್ ಕಡೆಗೆ ಹೋಗುವ ಹೆದ್ದಾರಿಯ ಪಡುವಣ ಮಗ್ಗುಲಿಗೆ ಅದು ನಿಂತಿತ್ತು. ಕೆಳಗಿನ ದಪ್ಪ ಡಬ್ಬಿಯೊಳಗೆ ಅಂಗಡಿ, ಮೇಲಿನ ಡಬ್ಬಿಯಲ್ಲಿ ನೀರಿನ ತೊಟ್ಟಿ, ಅದರ ಮೇಲೆ ಮುಚ್ಚಳ, ಮುಚ್ಚಳದ ನೆತ್ತಿಗೆ ಕುಂಬಳಕಾಯಿ ಗಾತ್ರದ ಒಂದು ಗುಬುಟು. ನಮ್ಮ ಮನೆ ಅಂದರೆ ಈ ಫಿಲ್ಟರಿನ ಬೆನ್ನಿಗೆ ಅಂಟಿಸಿದ ಎರಡು ಕೋಣೆ, ಒಂದು ಅಡುಗೆಮನೆ. ಒಳಗೆ ಹೋಗಬೇಕಾದರೆ ಅಂಗಡಿಯ ಮೂಲಕವೇ ಹೋಗಬೇಕು, ತಲೆ ಬಗ್ಗಿಸಿ. ನೆಂಟರು ಬಂದರೂ ಹಾಗೇ, ಹೆಣ ಹೊರಟರೂ ಹಾಗೇ. ಮಳೆಗಾಲದಲ್ಲಿ ಅಡುಗೆಮನೆ ಸೋರಿದರೆ ನಾವೆಲ್ಲ ಅಂಗಡಿಯೊಳಗೆ ಮಲಗುತ್ತಿದ್ದೆವು, ಗೋಡೆಯ ದುಂಡಿಗೆ ತಕ್ಕಂತೆ ಬೆನ್ನು ಬಾಗಿಸಿಕೊಂಡು. ಅವ್ವನಿಗೆ ಆ ದುಂಡು ಕೋಣೆ ಕಂಡರೆ ಆಗುತ್ತಿರಲಿಲ್ಲ.

"ಮೂಲೆ ಇಲ್ಲದ ಮನೆ ಕಟ್ಟಿದ್ದಾರೆ ಮಾರಾಯರು. ಪೊರಕೆ ಎಲ್ಲಿ ಒರಗಿಸ್ಲಿ? ಮುನಿಸ್ಕೊಂಡ್ರೆ ಎಲ್ಲಿ ಹೋಗಿ ಕೂತ್ಕೊಳ್ಲಿ?"

"ನೀನು ಮುನಿಸ್ಕೊಳ್ಳೋದು ಬೇಡ ಅಂತ್ಲೇ ದುಂಡಗೆ ಕಟ್ಟಿಸಿದ್ದು" ಅನ್ನುತ್ತಿದ್ದ ಅಪ್ಪ.

ಅಪ್ಪ ತುಮಕೂರು ಕಡೆಯಿಂದ ಬಂದು ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಸೆಂಟ್ರಲ್ ಸ್ಟೇಷನ್ನಿನ ಹತ್ತಿರ ಹಳೆ ಪುಸ್ತಕ ಮಾರುವ ಕಡೆ ಅವನಿಗೆ ಅಮೆರಿಕದ ಒಂದು ಪತ್ರಿಕೆಯ ಬಿಡಿ ಹಾಳೆ ಸಿಕ್ಕಿತ್ತು. ಅದರಲ್ಲಿ ರಸ್ತೆ ಬದಿಯಲ್ಲಿ ಕಾಫಿ ಕೂಜದ ಆಕಾರದ ಒಂದು ಹೋಟೆಲು, ಅದರ ಮುಂದೆ ಸಾಲಾಗಿ ನಿಂತ ಉದ್ದುದ್ದ ಕಾರುಗಳು. ಕೂಜದ ಹೊಟ್ಟೆಯ ಮೇಲೆ ನೆರಳು ಬಿಡಿಸಿದ ದಪ್ಪ ಇಂಗ್ಲಿಷ್ ಅಕ್ಷರಗಳು. ಅಪ್ಪ ಆ ಹಾಳೆಯನ್ನು ಪೂಜೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಒಂದು ಸಲ ಆ ಹಾಳೆಯನ್ನೂ ನೋಡುತ್ತಿದ್ದ. ಕೂಜ ನಮ್ಮ ಜನಕ್ಕೆ ಗೊತ್ತಿಲ್ಲ, ಫಿಲ್ಟರ್ ಆದರೆ ಗೊತ್ತು ಅಂತ ಫಿಲ್ಟರ್ ಕಟ್ಟಿಸಿದ. ಮನೆಯ ಹಿಂದೆ ನಮಗೆ ಮುದ್ದೆ, ಮುಂದೆ ಗಿರಾಕಿಗೆ ಇಡ್ಲಿ. ಕಾಸಿಮೇಡಿನಿಂದ ಮೀನು ತುಂಬಿದ ಲಾರಿಗಳು ಬೆಳಿಗ್ಗೆ ಏಳಕ್ಕೆಲ್ಲ ಬಂದು ನಿಲ್ಲುತ್ತಿದ್ದವು. ಐಸು ಕರಗಿ ನಮ್ಮ ಅಂಗಳಕ್ಕೆ ನೀರು ಹರಿಯುತ್ತಿತ್ತು. ಅವ್ವ ಸೆಗಣಿ ನೀರಿನ ಬಕೆಟ್ ಹಿಡಿದು ಆಚೆ ಬರುತ್ತಿದ್ದಳು, ಅಪ್ಪ ಅವಳನ್ನು ತಡೆಯುತ್ತಿದ್ದ. "ಅವ್ರು ಕುಡಿಯೋದು ನಮ್ಮ ಕಾಫಿ ಕಣೆ, ನಾವು ಅವರ ಮೀನು ತಿನ್ನೋದಿಲ್ವಲ್ಲ." ಈ ಜಗಳ ದಿನಾ ನಡೆಯುತ್ತಿತ್ತು. ಅದು ನಡೆಯದ ದಿನ ಮನೆಯಲ್ಲಿ ಯಾರಿಗೋ ಜ್ವರ ಬಂದಿದೆ ಅಂತ ಅರ್ಥ.

ನಾನು ಈ ಅಧ್ಯಾಯ ಬರೆಯುತ್ತಿರುವುದು ಫಿಲ್ಟರ್ ಬಗ್ಗೆ ಹೇಳಲಿಕ್ಕಲ್ಲ. ಅದರ ಮೇಲಿದ್ದ ಅಕ್ಷರಗಳ ಬಗ್ಗೆ. ಅವನ್ನು ಬರೆದವನು ನಾನು ಅಂತ ಐವತ್ತು ವರ್ಷ ಜನ ನಂಬಿದ್ದರು. ನಾನು ಬರೆದದ್ದಲ್ಲ. ಬರೆದವಳು ನನ್ನ ಅಕ್ಕ ನೀಲಮ್ಮ.

ಪುರಸೈವಾಕ್ಕಂನಿಂದ ಅಪ್ಪ ಒಬ್ಬ ಪೇಂಟರನ್ನು ಕರೆಸಿದ್ದ. ಬೆಳ್ಳಿ ಬಣ್ಣ ಹೊಡೆಯುವವರೆಗೆ ಎಲ್ಲ ಸರಿ ಇತ್ತು. ಅಕ್ಷರ ಶುರು ಮಾಡಿದಾಗ ಅಪ್ಪ ಕೆಳಗೆ ನಿಂತು ಅದು ವಾಲಿದೆ, ಇದು ವಾಲಿದೆ ಅಂದ. ಪೇಂಟರ್ ಇಳಿದು ಬಂದು ಬ್ರಷ್ಷನ್ನು ಅಪ್ಪನ ಕೈಗೆ ಕೊಟ್ಟು, "ಹಾಗಾದ್ರೆ ನೀವೇ ಬರೀರಿ ಸ್ವಾಮಿ" ಅಂತ ತಮಿಳಿನಲ್ಲಿ ಹೇಳಿ, ಬಣ್ಣದ ಡಬ್ಬಿಗಳನ್ನೂ ಬಿಟ್ಟು ಹೊರಟೇಹೋದ. ಎಂಟು ದಿನ ಫಿಲ್ಟರ್ ಬೋಳಾಗಿ ನಿಂತಿತ್ತು. ಒಂಬತ್ತನೆಯ ದಿನ ಹಿತ್ತಲ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಆ ಅಮೆರಿಕದ ಅಕ್ಷರಗಳು ನೆರಳು ಸಮೇತ ಬಿದ್ದಿದ್ದವು. ಅಪ್ಪ ಹಾಳೆ ತಂದು ಪಕ್ಕಕ್ಕಿಟ್ಟು ನೋಡಿದ. ಅಕ್ಕನಿಗೆ ಆಗ ಹದಿನಾಲ್ಕು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ತಮಿಳು ಅಕ್ಷರವನ್ನು ಕ್ಯಾಲೆಂಡರ್ ನೋಡಿ, ತೆಲುಗನ್ನು ನೆಲ್ಲೂರು ಲಾರಿಗಳ ಬೆನ್ನು ನೋಡಿ ಕಲಿತಿದ್ದಳು.

"ಇವಳೇ ಬರೀಲಿ" ಅಂದ ಅಪ್ಪ.

ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಬಂದಳು. "ಮೈನೆರೆದ ಹೆಣ್ಣನ್ನ ರಸ್ತೆ ಪಕ್ಕ ಏಣಿ ಹತ್ತಿಸ್ತೀರಾ? ಲಾರಿಯವರೆಲ್ಲ ಕೆಳಗೆ ನಿಂತು ನೋಡ್ಲಿ ಅಂತಲಾ? ನಾಳೆ ಯಾವ ಗಂಡು ಬರ್ತಾನೆ ಈ ಮನೆಗೆ?"

"ವೀರನ ಅಂಗಿ ಚಡ್ಡಿ ಹಾಕ್ಕೊಂಡು ಹತ್ತಲಿ. ತಲೆಗೊಂದು ಟವೆಲ್ ಸುತ್ತಲಿ. ರಸ್ತೆಯಿಂದ ಯಾರಿಗೆ ಗೊತ್ತಾಗುತ್ತೆ?"

ವೀರ ಅಂದರೆ ನಾನು. ನನಗೆ ಹನ್ನೆರಡು, ವಯಸ್ಸಿಗೆ ಮೀರಿದ ಮೈ. ಅಕ್ಕ ಕಡ್ಡಿ. ನನ್ನ ಅಂಗಿ ಅವಳಿಗೆ ಅಳತೆ ಹೊಲಿಸಿದ ಹಾಗೆ ಕೂತಿತು. ಬೆಳಕು ಹರಿಯುತ್ತಲೇ ಅವಳು ಏಣಿ ಹತ್ತುತ್ತಿದ್ದಳು. ನೂಲಿಗೆ ಸೀಮೆಸುಣ್ಣ ಸವರಿ ಗೋಡೆಗೆ ಬಿಗಿ ಹಿಡಿದು ಮೀಟಿ, ಗೆರೆ ಹಾಕಿಕೊಂಡು, ಮೇಲೆ ಕೆಂಪು ತುಂಬುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಹೊರಗೆ ಕಾಣಿಸಿಕೊಳ್ಳುವಂತಿರಲಿಲ್ಲ. ಒಬ್ಬನೇ ಹುಡುಗ ಎರಡು ಕಡೆ ಇರಲಿಕ್ಕಾಗುವುದಿಲ್ಲವಲ್ಲ. ಅಂಗಡಿಯ ಕದ ಹಾಕಿಕೊಂಡು, ಆ ದುಂಡು ಕೋಣೆಯೊಳಗೆ ಬರಿಮೈಯಲ್ಲಿ ಕೂತಿರುತ್ತಿದ್ದೆ. ಗೋಡೆಯ ಆಚೆ ಅವಳ ಬ್ರಷ್ ಸವರುವ ಸದ್ದು ಕೇಳುತ್ತಿತ್ತು. ಬಸ್ಸುಗಳು ಹೆಚ್ಚಾಗುವ ಹೊತ್ತಿಗೆ ಅವಳು ಇಳಿದು ಒಳಗೆ ಬಂದು ಅಂಗಿ ಬಿಚ್ಚಿ ಕೊಡುತ್ತಿದ್ದಳು. ಅದನ್ನೇ ತೊಟ್ಟು ನಾನು ಹೊರಗೆ ಹೋಗಿ ಏಣಿಯ ಬುಡದಲ್ಲಿ ನಿಲ್ಲಬೇಕು. ಬಣ್ಣ ಇನ್ನೂ ಹಸಿ ಇರುತ್ತಿತ್ತು, ಅವಳ ಮೈಯ ಬಿಸಿಯೂ ಆರಿರುತ್ತಿರಲಿಲ್ಲ. ಮೊದಲ ದಿನ ನಾನು ಅತ್ತೆ, ಅಂಗಿ ಹಾಳಾಯಿತು ಅಂತ. ನಾಲ್ಕನೆಯ ದಿನದಿಂದ ಬೇಗ ಇಳಿಯಲಿ ಅಂತ ಕಾಯುತ್ತಿದ್ದೆ.

ನಾಲ್ಕು ಭಾಷೆಯಲ್ಲಿ ಬರೆದದ್ದು ಒಂದೇ ಮಾತು: ಬಿಸಿ ಕಾಫಿ, ಇಳಿದು ಬನ್ನಿ. ಆ ರಸ್ತೆಯಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲ, ಆದರೂ ಅಪ್ಪ ಕನ್ನಡವನ್ನೇ ಎಲ್ಲಕ್ಕಿಂತ ಮೇಲೆ ಬರೆಸಿದ. ನೆಲ್ಲೂರಿನ ಒಬ್ಬ ಡ್ರೈವರ್ ಕಾಫಿ ಕುಡಿಯುತ್ತಾ ಗೋಡೆ ನೋಡಿ ಕೇಳಿದ, "ಅಯ್ಯಾ, ತೆಲುಗು ಎರಡು ಸಲ ಯಾಕೆ ಬರೆಸಿದ್ದೀರಿ? ಅದರಲ್ಲಿ ಒಂದು ತಪ್ಪು." ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಡ್ರೈವರ್ ಮತ್ತೆ ಕೇಳಿದ, "ತಪ್ಪಾದರೂ ಕೈ ಚೆನ್ನಾಗಿದೆ. ಯಾರು ಬರೆದದ್ದು?"

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. "ನಮ್ಮ ಪಯ್ಯನ್."

ಡ್ರೈವರ್ ನನ್ನ ಕೈ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದ. ಬೆರಳಿನ ಸಂದಿಯಲ್ಲಿ ಕೆಂಪು ಬಣ್ಣ ಇತ್ತು, ಅಂಗಿಯಿಂದ ಹತ್ತಿದ್ದು. ಅಲ್ಲಿಂದ ಮುಂದೆ ಲಾರಿಯವರಿಗೆಲ್ಲ ನಾನು ಪೇಂಟರ್ ತಂಬಿ.

ಇಲ್ಲಿಯವರೆಗೆ ತಪ್ಪು ದೊಡ್ಡವರದ್ದು ಅನ್ನಬಹುದು. ಆಮೇಲಿನದು ಹಾಗಲ್ಲ. ಆ ವರ್ಷ ಶ್ರಾವಣದಲ್ಲಿ ಊರ ಕಡೆಯ ಅಯ್ಯನವರೊಬ್ಬರು ನಮ್ಮ ಮನೆಗೆ ಬಂದಿದ್ದರು. ಅಪ್ಪ ಅವರ ಪಾದ ತೊಳೆದು ಒಳಗೆ ಕೂರಿಸಿದ. ಊಟಕ್ಕೆ ಕೂತಾಗ ಅವರು ಹೊರಗಿನ ಅಕ್ಷರದ ಮಾತೆತ್ತಿದರು. ಅಪ್ಪ ತಟ್ಟೆಯಿಂದ ತಲೆಯೆತ್ತದೆ, "ನಮ್ಮ ವೀರನ ಕೈ ಅದು" ಅಂದ. ಹೊರಗಿನವರ ಮುಂದೆ ಹೇಳುವುದು ಬೇರೆ. ಇದು ನಾವು ಉಣ್ಣುವ ಜಾಗ, ಸುತ್ತ ಇದ್ದವರು ನಾವೇ. ಅಕ್ಕ ಮುದ್ದೆ ಬಡಿಸುತ್ತಿದ್ದಳು. ಅಯ್ಯನವರು ನನ್ನ ಬಲಗೈ ತೆಗೆದುಕೊಂಡು ಮಣಿಕಟ್ಟಿಗೆ ವಿಭೂತಿ ಎಳೆದು, "ಈ ಕೈ ಶಿವನ ಕೈ, ಕಾಪಾಡ್ಕೋ ಮಗ" ಅಂದರು. ನಾನು ಕಣ್ಣು ಮುಚ್ಚಿಕೊಂಡೆ, ಹಾಗೆ ಮಾಡಬೇಕು ಅಂತ ತೋರಿತು. ಕಣ್ಣು ಬಿಟ್ಟಾಗ ಅಕ್ಕ ನನ್ನ ತಟ್ಟೆಗೆ ಸಾರು ಬಿಡುತ್ತಿದ್ದಳು. ಅವಳ ಮುಖ ನಾನು ನೋಡಲಿಲ್ಲ. ಅವತ್ತಿನಿಂದ ಮನೆಯೊಳಗೂ ಅದೇ ನಿಜವಾಯಿತು. ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಹೊರಗೆ ನಿಂತು ಅಕ್ಷರ ಮೆಚ್ಚಿದರು, ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅವಳು ಕಾಫಿ ತಂದಳು. ಮದುವೆಯಾಯಿತು. ಮೂರು ವರ್ಷಕ್ಕೆ ಗಂಡ ತೀರಿಕೊಂಡ. ಒಂದು ಟ್ರಂಕ್ ಹಿಡಿದುಕೊಂಡು ಅದೇ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಳು, ಮತ್ತೆ ಹೋಗಲಿಲ್ಲ.

ಆ ಹೊತ್ತಿಗೆ ನಾನು ಹೈಸ್ಕೂಲ್ ಮುಗಿಸಿದ್ದೆ. ಅಂಗಡಿಗಳಿಗೆ ಬೋರ್ಡ್ ಬರೆದುಕೊಡಿ ಅಂತ ಜನ ನನ್ನನ್ನು ಕೇಳಿಕೊಂಡು ಬರುತ್ತಿದ್ದರು. ಒಪ್ಪಿಕೊಳ್ಳುತ್ತಿದ್ದೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ಅಕ್ಕ ದುಂಡು ಕೋಣೆಯ ಕದ ಹಾಕಿಕೊಂಡು ಬರೆಯುತ್ತಿದ್ದಳು. ಸಂಜೆ ನಾನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ತಲುಪಿಸುತ್ತಿದ್ದೆ. ಗೋಡೆಯ ಮೇಲೆ ಬರೆಯಲು ಕರೆದರೆ, "ನಾನು ತಗಡಿನ ಮೇಲೆ ಮಾತ್ರ ಬರೆಯೋದು" ಅನ್ನುತ್ತಿದ್ದೆ. ಜನ ಅದನ್ನು ದೊಡ್ಡ ಕಲಾವಿದನ ಗತ್ತು ಅಂದುಕೊಂಡರು. ನನಗೆ ನಿಜವಾಗಿಯೂ ಗತ್ತು ಬಂದಿತ್ತು. ಬೇರೆಯವರು ಬರೆದ ಬೋರ್ಡು ನೋಡಿ ತಪ್ಪು ಹೇಳುತ್ತಿದ್ದೆ, ಹೇಳಿದ ತಪ್ಪು ಸರಿಯಾಗಿಯೇ ಇರುತ್ತಿತ್ತು. ಅಷ್ಟು ವರ್ಷ ಅವಳ ಪಕ್ಕ ಕೂತು ನೋಡಿದ್ದೆನಲ್ಲ. ಫಿಲ್ಟರಿನ ಮೇಲಿನ ಅಕ್ಷರ ಮಾಸಿದಾಗ ದೀಪಾವಳಿಗೆ ಮುಂಚೆ ಅವಳೇ ಹತ್ತಿ ತಿದ್ದುತ್ತಿದ್ದಳು, ನಸುಕಿನಲ್ಲೇ. ನಾನು ಏಣಿ ಹಿಡಿದುಕೊಳ್ಳುತ್ತಿದ್ದೆ. ಅಪ್ಪ ಹೋದ, ಅವ್ವ ಹೋದಳು, ನನ್ನ ಮದುವೆ ಮಕ್ಕಳು ಎಲ್ಲ ಆಯಿತು. ಅದು ಬೇರೆ ಅಧ್ಯಾಯದ ಮಾತು. ಅಕ್ಕ ಅದೇ ಅಡುಗೆಮನೆಯಲ್ಲಿದ್ದಳು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಮಣಲಿಯ ಪೆಟ್ರೋಲ್ ಕಾರ್ಖಾನೆಯಿಂದ ಬರುವ ಟ್ಯಾಂಕರುಗಳು ಆ ರಸ್ತೆಯನ್ನೆಲ್ಲ ತುಂಬಿಕೊಂಡಿದ್ದ ಕಾಲದಲ್ಲಿ, ಮಾಲತಿ ಅಂತ ಒಬ್ಬ ಹುಡುಗಿ ಬಂದಳು. ಕಟ್ಟಡ ವಿದ್ಯೆ ಕಲಿಸುವ ಒಂದು ಕಾಲೇಜಿನಲ್ಲಿ ಮೇಷ್ಟರು. ಹೆತ್ತವರು ಮೈಸೂರು ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಮದರಾಸಿನಲ್ಲಿ.

"ಕನ್ನಡ ಪೂರ್ತಿ ಅರ್ಥ ಆಗುತ್ತೆ ಅಂಕಲ್. ಮಾತಾಡುವಾಗ ಮಾತ್ರ ನಡುವೆ ತಮಿಳು ನುಗ್ಗಿಬಿಡುತ್ತೆ, ಬೈಕೋಬೇಡಿ."

ಅವಳು ಎರಡು ವರ್ಷ ಅಮೆರಿಕದಲ್ಲಿ ಓದಿದ್ದಳಂತೆ. ಅಲ್ಲಿ ಒಂದು ಗುಂಪು ಇತ್ತು. ಹಳೆಯ ಹೆದ್ದಾರಿಗಳಲ್ಲಿ ಕಾರು ಓಡಿಸಿಕೊಂಡು ಹೋಗಿ, ರಸ್ತೆ ಬದಿಯ ಹಳೆ ಪೆಟ್ರೋಲ್ ಬಂಕು, ಲಾಡ್ಜು, ಹೋಟೆಲು, ಬಣ್ಣದ ದೀಪದ ಬೋರ್ಡು ಇವನ್ನೆಲ್ಲ ಫೋಟೋ ಹಿಡಿದು, ಟೇಪು ಹಿಡಿದು ಅಳೆದು, ಕೆಡವದಂತೆ ಕಾಪಾಡುವುದೇ ಅವರ ಕೆಲಸ. ನಮ್ಮಲ್ಲಿ ದೇವಸ್ಥಾನ ಅಳೆಯುವ ಹಾಗೆ ಅಲ್ಲಿ ಪೆಟ್ರೋಲ್ ಬಂಕ್ ಅಳೆಯುತ್ತಾರೆ. ಅವಳು ಆಲ್ಬಮ್ ತೆರೆದು ತೋರಿಸಿದಳು. ಕಿತ್ತಳೆ ಹಣ್ಣಿನ ಆಕಾರದ ಜ್ಯೂಸ್ ಅಂಗಡಿ, ಬಾತುಕೋಳಿಯ ಆಕಾರದ ಮೊಟ್ಟೆ ಅಂಗಡಿ, ಬೂಟಿನ ಆಕಾರದ ಮನೆ. ಅಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದವಳು ಬೂಟು ನೋಡಿ, "ಈ ಮನೆಗೆ ಚಪ್ಪಲಿ ಎಲ್ಲಿ ಬಿಟ್ಟು ಹೋಗ್ತಾರವ್ವಾ?" ಅಂದಳು. ಮಾಲತಿ ನಕ್ಕು ನಕ್ಕು ಕೆಮ್ಮಿದಳು. ಮುಂದಿನ ಪುಟದಲ್ಲಿ ಕಾಫಿ ಕೂಜ ಇತ್ತು. ಅಪ್ಪನ ಹಾಳೆಯಲ್ಲಿ ಇದ್ದದ್ದೇ. ಅದನ್ನು ಕೆಡವಲು ಹೊರಟಾಗ ಊರ ಜನ ಸೇರಿ ಬುಡಸಮೇತ ಎತ್ತಿ ಬೇರೆ ಕಡೆ ಇಟ್ಟರಂತೆ. ಪಕ್ಕದಲ್ಲಿ ಒಂದು ಹಿತ್ತಾಳೆ ಫಲಕ ಹಾಕಿ, ಕಟ್ಟಿಸಿದವರು, ಕಟ್ಟಿದವರು, ಬರೆದವರು ಅಂತ ಮೂವರ ಹೆಸರೂ ಕೆತ್ತಿಸಿದರಂತೆ.

"ಈ ರಸ್ತೆ ಅಗಲ ಮಾಡ್ತಾರೆ ಅಂಕಲ್, ಗ್ಯಾರಂಟಿ. ಅದಕ್ಕೆ ಮುಂಚೆ ನಾನು ಒಂದು ಫೈಲ್ ಮಾಡಿಬಿಡಬೇಕು. ಪೂರ್ತಿ ಉಳಿಸೋಕೆ ಆಗದಿದ್ರೂ ಅಕ್ಷರ ಇರೋ ಗಾರೆಯನ್ನಾದ್ರೂ ಕತ್ತರಿಸಿ ಕಾಲೇಜಿಗೆ ತಗೊಂಡು ಹೋಗ್ತೀವಿ. ಅಲ್ಲೂ ಅದೇ ಥರ ಫಲಕ ಹಾಕ್ತೀವಿ. ಸರಿಯಾದ ಹೆಸರು ಬೇಕು, ಅಷ್ಟೇ."

ಅವಳ ಕೈಯಲ್ಲಿ ಒಂದು ನಮೂನೆ ಇತ್ತು. ಕಟ್ಟಿಸಿದವರು ಅನ್ನುವಲ್ಲಿ ಅಪ್ಪನ ಹೆಸರು ಬರೆದುಕೊಂಡಳು. ಕಟ್ಟಿದವರು ಅನ್ನುವಲ್ಲಿ ಪುಳಲಿನ ಮೇಸ್ತ್ರಿಯ ಹೆಸರು. ಆಮೇಲೆ ತಲೆಯೆತ್ತಿ ಕೇಳಿದಳು.

"ಅಕ್ಷರ ಬರೆದವರು ಯಾರು? ಈಗ ಇದ್ದಾರಾ?"

ಅಕ್ಕ ಕಾಫಿ ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ಅರವತ್ತು ದಾಟಿತ್ತು. ಮದುವೆಯಾಗಬೇಕಾದ ಹೆಣ್ಣಲ್ಲ, ಬಚ್ಚಿಡಲು ಯಾವ ಕಾರಣವೂ ಉಳಿದಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಅವಳು ಹಾಗೆ ನನ್ನ ಬಾಯಿಂದ ಏನೋ ಬರಲಿ ಅಂತ ನೋಡಿದ್ದು ನನಗೆ ನೆನಪಿರುವ ಹಾಗೆ ಅದೊಂದೇ ಸಲ. ನಾನು "ನಾನೇ" ಅಂದೆ. ನಾಲಿಗೆಗೆ ಅಭ್ಯಾಸವಾಗಿತ್ತು. ಎದೆ ಹೊಡೆದುಕೊಳ್ಳಲಿಲ್ಲ, ಏನೂ ಆಗಲಿಲ್ಲ. ಅಕ್ಕ ಲೋಟವನ್ನು ಮಾಲತಿಯ ಪಕ್ಕ ಇಟ್ಟು ಒಳಗೆ ಹೋದಳು.

ಮಾಲತಿ ಹೊರಗೆ ಹೋಗಿ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಬಂದು ಕೇಳಿದಳು, "ಅಂಕಲ್, ಅಮೆರಿಕದ ಕೂಜದಲ್ಲಿ ಅಕ್ಷರದ ನೆರಳು ಎಡಗಡೆ ಬೀಳುತ್ತೆ. ನೀವು ಬಲಗಡೆ ಹಾಕಿದ್ದೀರಿ. ಯಾಕೆ?"

ನಾನು ಅದನ್ನು ಯಾವತ್ತೂ ಗಮನಿಸಿರಲಿಲ್ಲ. "ಹಾಗೇ ಬಂತಮ್ಮ" ಅಂದೆ. ಅವಳು ಬರೆದುಕೊಂಡಳು. ಮುಂದಿನ ಭಾನುವಾರ ವಿಡಿಯೋ ಕ್ಯಾಮೆರಾ ತರುತ್ತೇನೆ, ಕನ್ನಡದ ಸಾಲಿನಲ್ಲಿ ಉದುರಿಹೋಗಿರುವ ಒಂದಕ್ಷರವನ್ನು ನೀವು ಬರೆಯುವುದನ್ನು ಹಿಡಿಯಬೇಕು ಅಂತ ಹೇಳಿ ಹೋದಳು.

ಆ ವಾರವೆಲ್ಲ ನಾನು ಹಿತ್ತಲಲ್ಲಿ ಹಳೆ ತಗಡಿನ ಮೇಲೆ ಬರೆದು ನೋಡಿದೆ. ಗೊತ್ತಿದೆ, ಬರುವುದಿಲ್ಲ. ಶನಿವಾರ ಅಡುಗೆಮನೆಗೆ ಹೋಗಿ ಅಕ್ಕನ ಮುಂದೆ ಕೂತೆ.

"ಅಕ್ಕ, ಬೆಳಿಗ್ಗೆ ಅವರು ಬರೋಕ್ಕೆ ಮುಂಚೆ ನೀನೇ ಹತ್ತಿ ಬರೆದುಬಿಡು. ಆಗಲೇ ಬರೆದಾಯ್ತು ಅಂತೀನಿ."

"ಏನು, ಅರವತ್ತಕ್ಕೆ ನಿನ್ನ ಚಡ್ಡಿ ಹಾಕ್ಕೊಳ್ಳಲೇನ್ಲಾ? ಈಗ ನೀನು ಹಾಕೋ ಚಡ್ಡೀಲಿ ನಮ್ಮಂಥವರು ಇಬ್ಬರು ಹಿಡೀತೀವಿ."

ಜೋರಾಗಿಯೇ ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಅವಳು ಹುರುಳಿಕಾಯಿಯ ನಾರು ತೆಗೆಯುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಆ ಮಗು ಅವತ್ತು ಕೇಳ್ತಲ್ಲ. ಹೇಳೋಕೆ ಸುಲಭವಾಗಿತ್ತು."

ಅಷ್ಟೇ. ಬೈಯಲಿಲ್ಲ. ನಾನು ಎದ್ದು ಬಂದೆ.

ಭಾನುವಾರ ಮಾಲತಿ ಇಬ್ಬರು ವಿದ್ಯಾರ್ಥಿಗಳ ಜೊತೆ ಬಂದಳು. ಕ್ಯಾಮೆರಾ ಕಾಲೂರಿ ನಿಂತಿತು. ಹೊಸ ಬ್ರಷ್ಷನ್ನೂ ಅವಳೇ ತಂದಿದ್ದಳು. ನಾನು ಏಣಿಯ ಮೂರನೇ ಮೆಟ್ಟಿಲಿಗೆ ಹತ್ತಿ, ಬ್ರಷ್ ಅದ್ದಿ, ಕೈ ನಡುಗಿಸತೊಡಗಿದೆ. ಮುಂಚೆಯೇ ಯೋಚಿಸಿಕೊಂಡಿದ್ದೆ. ಕೆಂಪು ಬಣ್ಣ ಅಂಗಿಯ ಮೇಲೆ ತೊಟ್ಟಿಕ್ಕಿತು. "ವಯಸ್ಸಾಯ್ತಮ್ಮ, ನರ ಸೋತಿವೆ" ಅಂದೆ. ಮಾಲತಿ ಓಡಿ ಬಂದು ನನ್ನ ಮೊಣಕೈ ಹಿಡಿದುಕೊಂಡಳು. "ಪರವಾಯಿಲ್ಲೈ ಅಂಕಲ್, ಪರವಾಯಿಲ್ಲೈ, ಇಳೀರಿ." ಅವಳ ಕಣ್ಣು ತುಂಬಿತ್ತು. ನನಗೆ ಒಳ್ಳೆಯ ಉಪಾಯ ಫಲಿಸಿತು ಅನ್ನುವ ಸಮಾಧಾನ ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ಅಕ್ಕ ಹೊರಗೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು.

"ಕೊಡಿ ಇಲ್ಲಿ. ನನಗೂ ಸ್ವಲ್ಪ ಬರುತ್ತೆ. ನಮ್ಮ ತಮ್ಮನೇ ಹೇಳಿಕೊಟ್ಟಿದ್ದು."

ಹಾಡುಹಗಲಲ್ಲಿ, ಸೀರೆಯಲ್ಲಿ, ಲಾರಿಗಳು ಹೋಗುತ್ತಿದ್ದ ಹಾಗೇ ಅವಳು ಏಣಿ ಹತ್ತಿದಳು. ಮೊದಲ ಸಲ. ಕೆಳಗೆ ನಾನು ಏಣಿ ಹಿಡಿದುಕೊಂಡಿದ್ದೆ. ನೂಲು ಮೀಟಲೂ ಇಲ್ಲ. ಉದುರಿದ್ದ 'ಬ' ಅಕ್ಷರವನ್ನು ಎರಡು ಸುತ್ತಿನಲ್ಲಿ ಎಳೆದಳು, ಬ್ರಷ್ ಎತ್ತಲಿಲ್ಲ. ಒಬ್ಬ ಟ್ಯಾಂಕರ್ ಡ್ರೈವರ್ ವೇಗ ತಗ್ಗಿಸಿ ಸೀಟಿ ಹೊಡೆದ. "ಹೋಗೋ ನಿನ್ನ ದಾರಿ ನೋಡ್ಕೊಂಡು" ಅಂತ ತಮಿಳಿನಲ್ಲಿ ಬೈದು ನೆರಳಿನ ಗೆರೆಗೆ ಕಪ್ಪು ಅದ್ದಿಕೊಂಡಳು. ಮಾಲತಿ ಕೆಳಗಿನಿಂದ ಕೇಳಿದಳು.

"ಆಂಟಿ, ನೆರಳು ಯಾಕೆ ಬಲಗಡೆ?"

"ನಮ್ಮ ಗೋಡೆ ಮೂಡಲ ಮುಖ ಅಲ್ವೇನವ್ವ. ಚಳಿಗಾಲದಲ್ಲಿ ಸೂರ್ಯ ಈ ಎಡಗಡೆ ಮೂಲೇಲಿ ಹುಟ್ತಾನೆ. ಅವರ ಹಾಳೆ ನೋಡ್ಕೊಂಡು ಎಡಕ್ಕೆ ಹಾಕಿದ್ರೆ ಬೆಳಿಗ್ಗೆ ಹೊತ್ತು ಅಕ್ಷರ ಸುಳ್ಳು ಕಾಣುತ್ತೆ."

ಮಾಲತಿ ಅದನ್ನೂ ಬರೆದುಕೊಂಡಳು. ಅಕ್ಕ ಇಳಿದು ಕೈ ಒರೆಸಿಕೊಂಡು ಎಲ್ಲರಿಗೂ ಕಾಫಿ ತಂದಳು. ಕುಡಿದೆವು. ಹೊರಡುವಾಗ ಮಾಲತಿ ನನ್ನನ್ನು ಕಾರಿನವರೆಗೆ ಕರೆದುಕೊಂಡು ಹೋಗಿ, ಬಾಗಿಲು ಹಿಡಿದುಕೊಂಡು ನಿಂತಳು.

"ಅಂಕಲ್, ನಾಳೆ ಈ ನಮೂನೆ ಟೈಪ್ ಮಾಡಿಸ್ತೀನಿ. ಏನಾದ್ರೂ ತಿದ್ದೋದು ಇದೆಯಾ?"

"ಇಲ್ಲಮ್ಮ."

"ಒಂದ್ಸಲ ಯೋಚನೆ ಮಾಡಿ ಹೇಳಿ."

"ಎಲ್ಲ ಸರಿಯಾಗಿದೆ" ಅಂದೆ. ಕಾರು ಹೋಯಿತು. ನಾನು ಒಳಗೆ ಬಂದು ಅಂಗಿಗೆ ಬಿದ್ದಿದ್ದ ಬಣ್ಣವನ್ನು ಸೀಮೆಎಣ್ಣೆ ಹಾಕಿ ಒರೆಸಿಕೊಂಡೆ.

ರಸ್ತೆ ಅಗಲ ಮಾಡುವವರು ಬಂದೇ ಬಂದರು. ಫಿಲ್ಟರ್ ಉಳಿಯಲಿಲ್ಲ. ಕೆಡವುವುದಕ್ಕೆ ಎರಡು ದಿನ ಮುಂಚೆ ಮಾಲತಿಯ ವಿದ್ಯಾರ್ಥಿಗಳು ಅಕ್ಷರದ ಪಟ್ಟಿಯನ್ನು ಆರು ತುಂಡು ಮಾಡಿ, ಗೋಣಿ ಸುತ್ತಿ ವ್ಯಾನಿನಲ್ಲಿ ಒಯ್ದರು. ನಾವು ಕೊಳತ್ತೂರಿನಲ್ಲಿ ಒಂದು ಬಾಡಿಗೆ ಮನೆಗೆ ಹೋದೆವು. ಆ ಮನೆಗೆ ನಾಲ್ಕು ಮೂಲೆಗಳಿದ್ದವು. ಆಮೇಲೆ ಕಾಲೇಜಿನ ಹಜಾರದಲ್ಲಿ ಆ ತುಂಡುಗಳನ್ನು ಜೋಡಿಸಿ ನಿಲ್ಲಿಸಿ ಒಂದು ಸಮಾರಂಭ ಮಾಡಿದರು. ಫಲಕದ ಮೇಲೆ ನನ್ನ ಹೆಸರು ಇತ್ತು. ನನಗೆ ಶಾಲು ಹೊದಿಸಿದರು, ನಾಲ್ಕು ಮಾತು ಆಡಿ ಅಂದರು, ಆಡಿದೆ. ಅಪ್ಪನ ಬಗ್ಗೆ, ನೆಲ್ಲೂರಿನ ಡ್ರೈವರ್ ಬಗ್ಗೆ ಹೇಳಿ ನಗಿಸಿದೆ. ಅಕ್ಕ ಮೂರನೇ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ವಾಪಸ್ಸು ಬರುವಾಗ ಆಟೋದಲ್ಲಿ ಅವಳು ಆಡಿದ್ದು ಒಂದೇ ಮಾತು.

"ಶಾಲು ಕೊಡು ಇಲ್ಲಿ, ಸುಕ್ಕಾಗುತ್ತೆ. ಮಡಿಸ್ತೀನಿ."

ಮಾರನೆಯ ವರ್ಷ ಅವಳು ತೀರಿಕೊಂಡಳು. ನಮ್ಮವರ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡಿದೆವು. ಆ ಕೈಯನ್ನು ಮಡಿಸಿ ಇಟ್ಟವನು ನಾನು. ಆಗಲೂ ನನಗೆ ಅಳು ಬರಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ, ಯಾವ ದೊಡ್ಡ ಕಾರಣವೂ ಇಲ್ಲದೆ, ಒಂದು ಬೆಳಿಗ್ಗೆ ಕೂತು ಮಾಲತಿಗೆ ಕಾಗದ ಬರೆದೆ. ಒಂದು ಪುಟ. ಬರೆದವಳು ಅವಳು, ನಾನಲ್ಲ, ಫಲಕ ಬದಲಾಯಿಸಿ. ಮೂರು ದಿನಕ್ಕೆ ಮಾಲತಿ ಫೋನ್ ಮಾಡಿದಳು.

"ನಂಗೆ ಗೊತ್ತಿತ್ತು ಅಂಕಲ್."

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಹಿಡಿದುಕೊಂಡೆ.

"ನೆರಳಿನ ಮಾತು ಕೇಳಿದಾಗಲೇ ಅನುಮಾನ ಬಂತು. ಆಮೇಲೆ ಅವತ್ತು ನಿಮ್ಮ ಕೈ ನೋಡ್ದೆ. ಏಣಿ ಮೇಲೆ ಅಷ್ಟು ನಡುಗಿದ ಕೈ, ಹತ್ತು ನಿಮಿಷ ಆದ್ಮೇಲೆ ಕಾಫಿ ಲೋಟ ಹಿಡಿದಾಗ ಒಂಚೂರೂ ನಡುಗಲಿಲ್ಲ. ಅದಕ್ಕೇ ಕಾರ್ ಹತ್ರ ಕೇಳಿದ್ದು."

"ಯಾಕಮ್ಮ ನೀನೇ ಹೇಳಲಿಲ್ಲ?"

"ಮಾರನೇ ದಿನ ಆಂಟಿಯನ್ನೂ ಕೇಳಿದೆ, ಫೋನಲ್ಲಿ. 'ಅವನು ಹೇಳಿದ್ರೆ ಹಾಕು, ನೀನಾಗಿ ಹಾಕಬೇಡ' ಅಂದ್ರು. ನಾನು ಸಮಾರಂಭದ ದಿನದವರೆಗೂ ಕಾದೆ. ಅವರೂ ಕಾಯ್ತಿದ್ರು ಅನ್ಸುತ್ತೆ."

ಇದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಫಲಕ ಬದಲಾಯಿಸಲು ತೊಂದರೆಯಿಲ್ಲ ಅಂದಳು. ಒಂದೇ ಒಂದು ಆಸೆ ಅವಳಿಗೆ. ಹೊಸ ಫಲಕದಲ್ಲಿ ಅಕ್ಕನ ಹೆಸರನ್ನು ಅಕ್ಕನದೇ ಕೈಬರಹದಲ್ಲಿ ಕೆತ್ತಿಸಬೇಕು, ಎಲ್ಲಾದರೂ ಅವಳು ತನ್ನ ಹೆಸರು ಬರೆದದ್ದು ಇದ್ದರೆ ಕಳಿಸಿ ಅಂದಳು. ನಾನು ಹುಡುಕಿದೆ. ಅವಳ ಟ್ರಂಕು, ಅಡುಗೆಮನೆಯ ಡಬ್ಬಿಗಳು, ಹಳೆ ತಗಡುಗಳು. ಊರಿನ ಅಂಗಡಿಗಳ ಹೆಸರೆಲ್ಲ ಅವಳ ಕೈಯಲ್ಲಿತ್ತು. ಬೇಳೆ, ಉಪ್ಪು, ಕೊತ್ತಂಬರಿ ಅಂತ ಡಬ್ಬಿಗಳ ಮೇಲೆ ಬರೆದಿದ್ದಳು. ನೀಲಮ್ಮ ಅಂತ ಎಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ವಿಧವಾ ಪಿಂಚಣಿಯ ಅರ್ಜಿಯ ಒಂದು ಪ್ರತಿ. ಅದರಲ್ಲಿ ಗುಮಾಸ್ತರು ಅವಳ ಹೆಸರನ್ನು ತಮಿಳಿನಲ್ಲಿ ಬರೆದಿದ್ದರು. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು. ಆ ದಿನ ಆಫೀಸಿಗೆ ಅವಳನ್ನು ಕರೆದುಕೊಂಡು ಹೋದವನು ನಾನೇ. ಅವಳು ಪೆನ್ನಿಗೆ ಕೈ ಚಾಚಿದ್ದಳು. ಸಾಲು ಉದ್ದವಿತ್ತು. "ಹೆಬ್ಬೆಟ್ಟು ಒತ್ತಿಬಿಡಕ್ಕ, ಬೇಗ ಆಗುತ್ತೆ" ಅಂತ ಮಸಿ ಪ್ಯಾಡನ್ನು ನಾನು ಅವಳ ಮುಂದೆ ತಳ್ಳಿದ್ದೆ.

ಆ ಕಾಗದವನ್ನು ಮಾಲತಿಗೆ ಕಳಿಸಲಿಲ್ಲ. ಏನೂ ಸಿಗಲಿಲ್ಲ ಅಂತ ಹೇಳಿದೆ. ಹೊಸ ಫಲಕ ಬಂದಿದೆ, ಹೋಗಿ ನೋಡಿಕೊಂಡು ಬಂದೆ. ಅಕ್ಷರ ಬರೆದವರು, ನೀಲಮ್ಮ, ಅಂತ ಇದೆ. ಕಂಪ್ಯೂಟರಿನ ಅಕ್ಷರ. 'ಲ'ಕ್ಕೂ 'ಮ್ಮ'ಕ್ಕೂ ನಡುವೆ ಜಾಗ ಹೆಚ್ಚಾಗಿದೆ.